ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಮತ್ತು ಸಹಪಾಠಿ ಬೆಂಬಲ

ವಿಶ್ವವಿದ್ಯಾಲಯ ಹಾಗೂ ಕಾಲೇಜುಗಳಲ್ಲಿ ವ್ಯಾಸಂಗ ಮಾಡುವ ವಿದ್ಯಾರ್ಥಿಯು ಮಾನಸಿಕ ತೊಂದರೆಗೆ ಒಳಗಾದಾಗ ಅದನ್ನು ಮೊದಲು ಗಮನಿಸುವವರು ಅನೇಕ ವೇಳೆ ಸಹಪಾಠಿಗಳೇ ಆಗಿರುತ್ತಾರೆ. ಊಟಕ್ಕೆ ಬಾರದಿರುವುದು, ರಾತ್ರಿಯಿಡೀ ಎಚ್ಚರವಾಗಿರುವುದು, ಮನೆಗೆ ಕರೆ ಮಾಡುವುದನ್ನು ನಿಲ್ಲಿಸುವುದು ಮುಂತಾದ ಬದಲಾವಣೆಗಳು ಹಾಜರಿ ಪುಸ್ತಕದಲ್ಲಿ ಕಾಣುವ ಮೊದಲೇ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಕಾಣುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮೃತಪಟ್ಟಿರುತ್ತಾರೆ. ಈ ಸಂಖ್ಯೆಯಲ್ಲಿ ಶಾಲಾ ವಿದ್ಯಾರ್ಥಿಗಳೂ ಸೇರಿರುತ್ತಾರೆ.

ಸಹಪಾಠಿ ಬೆಂಬಲ ಎಂದರೇನು?

ತರಬೇತಿ ಪಡೆದ ವಿದ್ಯಾರ್ಥಿಯು ಮತ್ತೊಬ್ಬ ವಿದ್ಯಾರ್ಥಿಯ ಮಾತನ್ನು ತೀರ್ಪು ನೀಡದೆ ಆಲಿಸಿ, ಅಗತ್ಯವಿದ್ದಲ್ಲಿ ಆಪ್ತಸಮಾಲೋಚಕರ ಬಳಿಗೆ ಜೊತೆಯಾಗಿ ಹೋಗುವುದೇ ಸಹಪಾಠಿ ಬೆಂಬಲ. ಇದು ಚಿಕಿತ್ಸೆಯಲ್ಲ. ಕಾಯಿಲೆಯನ್ನು ನಿರ್ಧರಿಸುವುದಾಗಲಿ, ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ನಿಲ್ಲಿಸುವಂತೆ ಹೇಳುವುದಾಗಲಿ ಬೆಂಬಲಿಗರ ಕಾರ್ಯವಲ್ಲ. "ಎಲ್ಲರಿಗೂ ಇರುವುದೇ, ಧೈರ್ಯವಾಗಿರು" ಎಂಬ ಮಾತು ಸದುದ್ದೇಶದಿಂದ ಬಂದರೂ ಸಂಭಾಷಣೆಯನ್ನು ಅಲ್ಲಿಗೇ ಮುಗಿಸಿಬಿಡುತ್ತದೆ.

ಗೋಪ್ಯತೆ ಮತ್ತು ಅದರ ಮಿತಿ

ಹೇಳಿಕೊಂಡ ವಿಷಯವನ್ನು ಇತರರಿಗೆ ತಿಳಿಸಬಾರದು. ಆದರೆ ಪ್ರಾಣಾಪಾಯದ ಸೂಚನೆ ಇದ್ದಲ್ಲಿ ಈ ನಿಯಮ ಅನ್ವಯಿಸುವುದಿಲ್ಲ. "ಯಾರಿಗೂ ಹೇಳುವುದಿಲ್ಲ" ಎಂದು ಭಾಷೆ ಕೊಟ್ಟ ಸ್ನೇಹಿತನು ಸಂಕಟದ ಸಮಯದಲ್ಲಿ ಒಬ್ಬನೇ ಉಳಿಯುತ್ತಾನೆ. ಆದ್ದರಿಂದ ಮಿತಿಯನ್ನು ಮೊದಲ ಭೇಟಿಯಲ್ಲಿಯೇ ತಿಳಿಸುವುದು ಸೂಕ್ತ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಅಂತಹ ಯೋಚನೆ ಹುಟ್ಟುವುದಿಲ್ಲ. ಬಹಳಷ್ಟು ಮಂದಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಅಪಾಯವಿದ್ದಲ್ಲಿ ಆ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡದೆ ಕೂಡಲೇ ನಿಲಯಪಾಲಕರಿಗೆ ತಿಳಿಸಿ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಪೊಲೀಸ್ ಪ್ರಕರಣದ ಭಯದಿಂದ ವಿಳಂಬ ಮಾಡುವುದು ಸರಿಯಲ್ಲ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 115ನೇ ಪ್ರಕರಣವು ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದು ಭಾವಿಸಿ ಅವರಿಗೆ ಶಿಕ್ಷೆಯಿಂದ ರಕ್ಷಣೆ ನೀಡುತ್ತದೆ.

ಲಭ್ಯವಿರುವ ನೆರವು

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿದ್ದು, ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಉನ್ನತ ಕೇಂದ್ರವಾಗಿದೆ. ಸ್ನೇಹಿತರ ಬಗ್ಗೆ ಸಲಹೆ ಕೇಳಲು ಬೆಂಬಲಿಗರು ತಾವೇ ಕರೆ ಮಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ನಿಮ್ಹಾನ್ಸ್ ಸಹಯೋಗದಲ್ಲಿ ರೂಪಿಸಿದ ಯುವ ಸ್ಪಂದನ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಯುವಜನರೇ ಯುವ ಪರಿವರ್ತಕರಾಗಿ ತಮ್ಮ ವಯೋಮಾನದವರಿಗೆ ಮಾರ್ಗದರ್ಶನ ನೀಡಿರುತ್ತಾರೆ.

ಸಂಸ್ಥೆಗಳ ಹೊಣೆ

ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರ ತೀರ್ಪಿನಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ಹೊಂದಿರಬೇಕೆಂದು ನಿರ್ದೇಶಿಸಿದೆ. ಸಹಪಾಠಿ ಬೆಂಬಲವು ಈ ಹುದ್ದೆಗೆ ಬದಲಿಯಲ್ಲ. ಒಂದು ದಿನದ ಕಾರ್ಯಾಗಾರ ನಡೆಸಿ ಸೂಚನಾ ಫಲಕದಲ್ಲಿ ಹೆಸರು ಪ್ರಕಟಿಸುವುದೂ ಸಾಲದು. ಬೆಂಬಲಿಗರು ನಿಯತವಾಗಿ ಆಪ್ತಸಮಾಲೋಚಕರನ್ನು ಕಂಡು ತಮ್ಮ ಭಾರವನ್ನು ಹೇಳಿಕೊಳ್ಳಲು ಅವಕಾಶವಿರಬೇಕು. ಪರೀಕ್ಷೆ ಅಥವಾ ಸ್ವಂತ ತೊಂದರೆಯ ಕಾರಣ ಕೆಲಸದಿಂದ ಬಿಡುವು ಬಯಸಿದಲ್ಲಿ ವಿವರಣೆ ಕೇಳದೆ ಒಪ್ಪತಕ್ಕದ್ದು.