ಕನ್ನಡದ ಊಟ ಉಂಡ ಇಲಿಗಳು

ಕವಿಗಳ ಕಾಲನಿರ್ಣಯ ಮಾಡುವುದು, ಹಳಗನ್ನಡದ ಪದ್ಯಗಳನ್ನು ಬಿಡಿಸಿ ಹೇಳುವುದು, ಇವು ನನ್ನ ವೃತ್ತಿ. ಇಲಿಗಳ ತೂಕಕ್ಕೂ ನನಗೂ ಯಾವ ಸಂಬಂಧವೂ ಇಲ್ಲ. ಆದರೂ ಕೆಲವು ಕಾಲದಿಂದ ಒಂದು ಅಂಕೆ ನನ್ನ ಬೆನ್ನು ಬಿಡದೆ ಬಂದಿದೆ: 185 ಗ್ರಾಂ. ಕನ್ನಡಿಗರು ಉಣ್ಣುವ ಊಟವನ್ನೇ ಉಂಡು ಬೆಳೆದ ಇಪ್ಪತ್ತು ಬಿಳಿ ಇಲಿಗಳ ಸರಾಸರಿ ತೂಕವಿದು. ಊಟವಿಕ್ಕಿ ತೂಗಿದವರು ಡಾಕ್ಟರ್ ರಾಬರ್ಟ್ ಮೆಕ್ಯಾರಿಸನ್. ತೂಗಿದ್ದು ನೀಲಗಿರಿಯ ಕೂನೂರಿನಲ್ಲಿ.

ಈ ಮಹಾಶಯರು ಹುಟ್ಟಿದ್ದು 1878ರಲ್ಲಿ, ಐರ್ಲೆಂಡಿನ ಉತ್ತರ ಭಾಗದಲ್ಲಿ. ಬೆಲ್‌ಫಾಸ್ಟಿನಲ್ಲಿ ವೈದ್ಯ ಕಲಿತು 1901ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ, ನೇರವಾಗಿ ವಾಯವ್ಯ ಗಡಿಯ ಬೆಟ್ಟಗಳಿಗೆ ಹೋದರು. ಗಿಲ್ಗಿಟ್ಟಿನಲ್ಲಿ ಅವರ ಕಣ್ಣಿಗೆ ಬಿದ್ದದ್ದು ಗಳಗಂಡ ರೋಗ. ಒಂದೇ ನೀರನ್ನು ಸಾಲಾಗಿ ಬಳಸುವ ಹಳ್ಳಿಗಳಲ್ಲಿ ಕೆಳಗಿಳಿದಷ್ಟೂ ಗಂಟಲು ಊದಿದವರ ಸಂಖ್ಯೆ ಹೆಚ್ಚುತ್ತಿತ್ತು. ನೀರಿನ ಕಲ್ಮಷವೇ ಕಾರಣವೆಂದು ಬಗೆದ ಡಾಕ್ಟರು, ಅದನ್ನು ಸೋಸಿ ಉಳಿದ ಗಷ್ಟನ್ನು ಒಪ್ಪಿ ಮುಂದೆ ಬಂದವರಿಗೆ ಕುಡಿಸಿದ್ದಲ್ಲದೆ ತಾವೂ ಕುಡಿದರು. ಆ ರೋಗಕ್ಕೆ ಮುಖ್ಯ ಕಾರಣ ಅಯೋಡಿನ್ನಿನ ಕೊರತೆಯೆಂದು ಮುಂದೆ ಸ್ಥಿರಪಟ್ಟಿತು. ಅವರ ಊಹೆ ಹಿಂದೆ ಬಿತ್ತು. ಆದರೆ ತನ್ನ ಗಂಟಲನ್ನೇ ಒತ್ತೆಯಿಟ್ಟು ಊಹಿಸುವವರು ಎಲ್ಲ ಕಾಲದಲ್ಲೂ ವಿರಳ.

ಅಲ್ಲಿಗೆ ಸಮೀಪದ ಹುಂಜಾ ಕಣಿವೆಯ ಜನರ ಆರೋಗ್ಯವನ್ನೂ ಅವರು ಮೆಚ್ಚಿ ಬರೆದರು. ಅದನ್ನೇ ಹಿಡಿದು ಪಶ್ಚಿಮದ ಲೇಖಕರು ಹುಂಜಾದವರನ್ನು ಚಿರಂಜೀವಿಗಳನ್ನಾಗಿ ಮಾಡಿಬಿಟ್ಟರು. ಆ ಕಥೆ ಇಲ್ಲಿ ಬೇಡ.

1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಬೆರಿಬೆರಿ ರೋಗದ ಪರಿಶೋಧನೆ ಆರಂಭವಾಯಿತು. 1923ರಲ್ಲಿ ಸರ್ಕಾರದ ಖರ್ಚು ಕಡಿತದ ಸಮಿತಿ ಆ ಕೋಣೆಗೂ ಬೀಗ ಹಾಕಿಸಿತು. 1925ರಲ್ಲಿ ಕೆಲಸ ಮತ್ತೆ ಮೊದಲಾಗಿ, 1928ರ ಹೊತ್ತಿಗೆ ಅದು ಪೌಷ್ಟಿಕ ಆಹಾರದ ಪೂರ್ಣ ಪ್ರಯೋಗಾಲಯವಾಗಿ ಬೆಳೆಯಿತು. 1958ರಲ್ಲಿ ಹೈದರಾಬಾದಿಗೆ ಸಾಗಿ, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆಯೆಂಬ ಹೆಸರು ಪಡೆದದ್ದು ಇದೇ.

ಬೆರಿಬೆರಿಯೆಂದರೆ ಕಾಲು ಸೋತು, ಮೈ ಊದಿ, ಹೃದಯ ಕೆಡುವ ರೋಗ. ಗಿರಣಿಯಲ್ಲಿ ನುಣುಪು ಮಾಡಿದ ಬಿಳಿ ಅಕ್ಕಿಯನ್ನೇ ನೆಚ್ಚಿದವರಿಗೆ ಅದು ಬರುತ್ತದೆಂದು ಜಾವಾದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಕೋಳಿಗಳ ಮೇಲೆ ಪ್ರಯೋಗ ನಡೆಸಿ ದಾರಿ ತೋರಿಸಿದ್ದರು. ಮಲಯ ದೇಶದಲ್ಲಿ ಇನ್ನೊಂದು ವಿಚಿತ್ರ ಕಂಡುಬಂದಿತ್ತು: ಬಿಳಿ ಅಕ್ಕಿ ಉಣ್ಣುವ ಚೀನೀ ಕೂಲಿಗಳು ಈ ರೋಗದಿಂದ ಸಾಯುತ್ತಿದ್ದರೆ, ಕುಚ್ಚಲಕ್ಕಿ ಉಣ್ಣುವ ತಮಿಳು ಕೂಲಿಗಳು ಗಟ್ಟಿಯಾಗಿದ್ದರು. ಕುಚ್ಚಲಕ್ಕಿ ಏಕೆ ಕಾಯುತ್ತದೆ? ಮೆಕ್ಯಾರಿಸನ್ನರು ನಾರಿಸ್ ಎಂಬವರೊಡನೆ ಸೇರಿ ಭಾರತದ ಅಕ್ಕಿಗೂ ಬೆರಿಬೆರಿಗೂ ಇರುವ ಸಂಬಂಧವನ್ನು ಕುರಿತು 1924ರಲ್ಲಿ ಒಂದು ಪ್ರಬಂಧವನ್ನೇ ಹೊರತಂದರು.

ಇದನ್ನು ಓದುವಾಗ ನನ್ನ ಮನಸ್ಸು ಕೊಲ್ಲೂರಿಗೆ ಓಡಿತು. ಕೊಡಚಾದ್ರಿಯ ಬುಡದ ನಮ್ಮ ಮನೆಯ ಅಂಗಳದ ಮೂಲೆಯಲ್ಲಿ ದೊಡ್ಡ ಹಂಡೆಯಲ್ಲಿ ಭತ್ತ ಬೇಯುತ್ತಿತ್ತು. ಬೆಂದ ಭತ್ತದ ಆ ವಾಸನೆ ಕರಾವಳಿಯಲ್ಲಿ ಹುಟ್ಟಿದವರಿಗೆ ಮರೆಯುವಂಥದ್ದಲ್ಲ. ಚಾಪೆಯ ಮೇಲೆ ಹರವಿ, ಮಗುಚಿ ಮಗುಚಿ ಒಣಗಿಸಿ, ಕೋಳಿ ಓಡಿಸುವ ಕೆಲಸವನ್ನು ಹುಡುಗರಾದ ನಮಗೆ ಒಪ್ಪಿಸುತ್ತಿದ್ದರು. ಭತ್ತ ಹೀಗೆ ನೆಂದು ಬೇಯುವಾಗ ಹೊರಪದರದಲ್ಲಿರುವ ಸತ್ವ ಕಾಳಿನೊಳಕ್ಕೆ ಇಳಿಯುತ್ತದೆ. ಬಳಿಕ ಗಿರಣಿ ಎಷ್ಟೇ ಉಜ್ಜಿದರೂ ಬಹುಭಾಗ ಉಳಿದುಕೊಳ್ಳುತ್ತದೆ. ಈಗ ಥಯಾಮಿನ್ ಎನ್ನುವ ಆ ಸತ್ವವನ್ನು ಅಕ್ಕಿಯ ತವುಡಿನಿಂದ ಶುದ್ಧವಾಗಿ ಬೇರ್ಪಡಿಸಿದ್ದು 1926ರಲ್ಲಿ, ಅದೂ ಜಾವಾದಲ್ಲಿಯೇ. ನಮ್ಮ ಹಂಡೆಗೆ ಇದೊಂದೂ ತಿಳಿದಿರಲಿಲ್ಲ.

ಮೆಕ್ಯಾರಿಸನ್ನರ ಹೆಸರು ನಿಂತದ್ದು ಮಾತ್ರ ಇಲಿಗಳಿಂದ. ಒಂದೇ ತಳಿಯ, ಒಂದೇ ವಯಸ್ಸಿನ ಇಲಿಗಳನ್ನು ಇಪ್ಪತ್ತರಂತೆ ಏಳು ಗುಂಪು ಮಾಡಿ, ಒಂದೊಂದು ಗುಂಪಿಗೆ ಭಾರತದ ಒಂದೊಂದು ಜನಾಂಗದ ಊಟವಿಕ್ಕಿದರು. ಗೋಧಿಯ ರೊಟ್ಟಿ, ಹಾಲು, ಬೆಣ್ಣೆ, ಬೇಳೆ, ತರಕಾರಿ, ಅಪರೂಪಕ್ಕೆ ಮಾಂಸ ಉಂಡ ಸಿಖ್ಖರ ಇಲಿಗಳು 235 ಗ್ರಾಂ ತೂಗಿದವು. ಪಠಾಣರವು 230, ಮರಾಠರವು 225, ಗೂರ್ಖರವು 200. ಆಮೇಲೆ ನಮ್ಮವು, 185. ಬಂಗಾಳಿಗಳವು 180. ಅಕ್ಕಿಯೇ ಹೆಚ್ಚಾಗಿ, ಹಾಲು ಸೊಪ್ಪು ಕಡಮೆಯಾದ ಮದರಾಸಿಗಳ ಊಟದ ಇಲಿಗಳು 155.

ಪಂಜಾಬಿಯೂ ಪಠಾಣನೂ ಹುಟ್ಟಿನಿಂದಲೇ ಯೋಧರು, ದಕ್ಷಿಣದವನೂ ಬಂಗಾಳಿಯೂ ಹುಟ್ಟಿನಿಂದಲೇ ದುರ್ಬಲರು ಎಂದು ಸೈನ್ಯದ ಅಧಿಕಾರಿಗಳು ಹೇಳಿಕೊಂಡು ಬಂದಿದ್ದ ಕಾಲವದು. ಇಲ್ಲಿ ಏಳು ಗುಂಪಿನ ಇಲಿಗಳೂ ಒಂದೇ ಕುಲದವು. ಸಿಖ್ಖ ಇಲಿಯೆಂಬುದಿಲ್ಲ, ಬಂಗಾಳಿ ಇಲಿಯೆಂಬುದಿಲ್ಲ. ಎಂಬತ್ತು ಗ್ರಾಮಿನ ಅಂತರ ಅಷ್ಟೂ ಬಂದದ್ದು ತಟ್ಟೆಯಿಂದ. ಸಾಮ್ರಾಜ್ಯದ ಸಂಬಳ ಉಂಡ ವೈದ್ಯರೊಬ್ಬರು ಸಾಮ್ರಾಜ್ಯದ ಅಚ್ಚುಮೆಚ್ಚಿನ ನಂಬಿಕೆಯ ಬುಡಕ್ಕೇ ಹೀಗೆ ಕೊಡಲಿ ಹಾಕಿದರು.

ತೂಕವೊಂದೇ ಅಲ್ಲ, ನಡತೆಯೂ ತಟ್ಟೆಯನ್ನು ಹಿಂಬಾಲಿಸಿತು. ಇಂಗ್ಲೆಂಡಿನ ಬಡವರ ಆಹಾರವಾದ ಬಿಳಿ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಹಾಕಿದ ಚಹ, ಬೇಯಿಸಿದ ಎಲೆಕೋಸು, ಡಬ್ಬಿಯ ಮಾಂಸ ಇವನ್ನು ಇನ್ನೊಂದು ಗುಂಪಿಗೆ ಇಕ್ಕಿ ನೋಡಿದರು. ಆ ಇಲಿಗಳು ಸಾಕುವವರನ್ನು ಕಚ್ಚತೊಡಗಿದವು. ಅರುವತ್ತನೆಯ ದಿನದ ಹೊತ್ತಿಗೆ ತಮ್ಮಲ್ಲೇ ಬಲಹೀನವಾದವನ್ನು ಕೊಂದು ತಿನ್ನತೊಡಗಿದವು. ಸಿಖ್ಖರ ಊಟದಂಥ ಊಟ ಉಂಡ ಸಾವಿರಕ್ಕೂ ಮಿಕ್ಕ ಇಲಿಗಳಲ್ಲಾದರೋ ಎರಡೂಕಾಲು ವರ್ಷ ಕಾಯಿಲೆಯೇ ಕಾಣಲಿಲ್ಲ. 1935ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಹಿಂತಿರುಗಿದ ಡಾಕ್ಟರು, ಮರುವರ್ಷ ಲಂಡನ್ನಿನ ಉಪನ್ಯಾಸಗಳಲ್ಲಿ ಇದನ್ನೆಲ್ಲ ವಿಸ್ತಾರವಾಗಿ ಹೇಳಿದರು. ತೀರಿಕೊಂಡದ್ದು 1960ರಲ್ಲಿ.

ಇಷ್ಟು ಗೌರವದಿಂದ ಹೇಳಿದ ಮೇಲೆ ನನ್ನದೊಂದು ತಕರಾರು. 185 ಗ್ರಾಮಿನ ಆ ಕನ್ನಡಿಗ ಯಾರು? ಮೈಸೂರು ಸೀಮೆಯ ರಾಗಿಮುದ್ದೆಯವನೆ? ಧಾರವಾಡದ ಜೋಳದ ರೊಟ್ಟಿಯವನೆ? ನಮ್ಮ ಗಂಜಿ, ಉಪ್ಪಿನಕಾಯಿ, ಒಣಮೀನಿನವನೆ? 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದರಾಸಿಗೆ ಸೇರಿತ್ತು. ಮಾತಿನಿಂದ ಕನ್ನಡಿಗರಾದ ಕೊಲ್ಲೂರಿನವರು ಸರ್ಕಾರದ ಲೆಕ್ಕದಲ್ಲಿ ಮದರಾಸಿನವರು. ನಮ್ಮನ್ನು 185ರ ಬೋನಿಗೆ ಹಾಕಬೇಕೋ, 155ರ ಬೋನಿಗೋ?

ಜನಾಂಗದ ಮಾತು ಹಾಗಿರಲಿ; ಒಂದು ಮನೆಗಾದರೂ ಒಂದೇ ಊಟವಿತ್ತೆ? ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಅಜ್ಜಯ್ಯನಿಗೆ ಮಧ್ಯಾಹ್ನ ಬೆಳ್ತಿಗೆ ಅಕ್ಕಿಯ ಬಿಳಿ ಅನ್ನ, ತುಪ್ಪ, ಗಟ್ಟಿ ಮೊಸರು. ಗದ್ದೆ ಕೆಲಸಕ್ಕೆ ಬಂದವರಿಗೆ ಅಂಗಳದಲ್ಲಿ ಕುಚ್ಚಲಕ್ಕಿ ಗಂಜಿ, ತೆಳಿಯ ಸಮೇತ. ಬೆರಿಬೆರಿಯ ಮಟ್ಟಿಗೆ ನೋಡಿದರೆ ಅಂಗಳದ ಅನ್ನವೇ ಒಳಗಿನದಕ್ಕಿಂತ ಮೇಲು! ಆದರೆ ಹಾಲು ಮೊಸರು ಜಗಲಿ ದಾಟಿ ಅಲ್ಲಿಗೆ ಇಳಿಯುತ್ತಿರಲಿಲ್ಲ. ಹಾಲು ಒಳ್ಳೆಯದೆಂದು ಇಲಿ ತೋರಿಸಬಲ್ಲದು. ಹಾಲು ಯಾರ ಪಾಲಾಗುತ್ತದೆಂಬ ಪ್ರಶ್ನೆ ಬೋನಿನೊಳಗೆ ಏಳುವಂಥದ್ದಲ್ಲ. ಅಲ್ಲಿ ಇಕ್ಕುವ ಕೈ ಒಂದೇ.

ಮೂರನೆಯದು ಅಜ್ಜಿಯ ತಟ್ಟೆ. ಬಸಳೆಯೋ ಹರಿವೆಯೋ, ಹಿತ್ತಿಲಲ್ಲಿ ಬೆಳೆಸಿ, ಕೊಯ್ದು, ಬೇಯಿಸಿ ಬಡಿಸುತ್ತಿದ್ದವಳು ಅವಳೇ. ಕರೆದರೆ, “ನಾನ್ ಮತ್ತ್ ಉಣ್ತೆ ಮಾಣಿ, ನೀವೆಲ್ಲ ಉಣ್ಣಿ” ಎನ್ನುವಳು. ಅವಳು ಕೂರುವ ಹೊತ್ತಿಗೆ ಸೊಪ್ಪು ಮುಗಿದು ತಳದ ರಸ ಉಳಿದಿರುತ್ತಿತ್ತು. ಎಂಟು ಹೆತ್ತವಳು. ಮುಖ ಬಿಳಿಚಿಕೊಂಡಿತ್ತು, ನಾಲ್ಕು ಮೆಟ್ಟಿಲಿಗೆ ಉಬ್ಬಸ ಬರುತ್ತಿತ್ತು. ಅದನ್ನು ಯಾರೂ ರೋಗವೆನ್ನಲಿಲ್ಲ. ಅಜ್ಜಿ ಇರುವುದೇ ಹಾಗೆ ಎಂದುಕೊಂಡಿದ್ದೆವು.

ಆ ಬಿಳಿಚಿಕೆಯನ್ನೂ ಒಬ್ಬರು ನೋಡಿದ್ದರು, ಬೇರೆ ಊರಿನಲ್ಲಿ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಗಿರಣಿಯ ಬಡ ಬಸುರಿಯರ ರಕ್ತಹೀನತೆಯನ್ನು ಅಭ್ಯಾಸ ಮಾಡಿದರು. ಪ್ರಾಣಿಗಳ ಮೇಲಿನ ಪ್ರಯೋಗಕ್ಕಾಗಿ ಕೂನೂರಿಗೂ ಹೋದರು. ಮಾರ್ಮೈಟ್ ಎಂಬ ಅಗ್ಗದ ಯೀಸ್ಟಿನ ಸಾರದಿಂದ ಆ ಹೆಂಗಸರು ಚೇತರಿಸಿಕೊಂಡದ್ದನ್ನು 1931ರಲ್ಲಿ ಪ್ರಕಟಿಸಿದರು. ಅದರಲ್ಲಿ ಅಡಗಿದ್ದ ಸತ್ವವನ್ನು ಹತ್ತು ವರ್ಷದ ಮೇಲೆ ಪಾಲಕ್ ಸೊಪ್ಪಿನಿಂದ ಪ್ರತ್ಯೇಕಿಸಿದರು. ಈಗ ಬಸುರಿಯರಿಗೆ ಕೊಡುವ ಫೋಲಿಕ್ ಆಸಿಡ್ ಮಾತ್ರೆ ಅದೇ. ಅಜ್ಜಿಗೆ ಕೊರತೆಯಾದದ್ದು ಅದೋ ಕಬ್ಬಿಣವೋ, ನಾನು ವೈದ್ಯನಲ್ಲ, ಹೇಳಲಾರೆ. ಹಸಿರು ಸೊಪ್ಪಿನಲ್ಲಿ ಅದು ಹೇರಳವಾಗಿದೆಯೆಂದು ಮಾತ್ರ ಬಲ್ಲೆ.

ಕಳೆದ ನವರಾತ್ರಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಇಲಿಗಳಿಗೆ ಗಂಜಿ ಇಕ್ಕಿದರೆಂದು ಕೇಳಿ ನಕ್ಕಳು. ಅಜ್ಜಿ ಎಷ್ಟು ತೂಕವಿದ್ದಳು ಎಂದು ಕೇಳಿದೆ.

“ಅವ್ರನ್ನ್ ತೂಗಿದ್ ಯಾರ್ ಮಾಣಿ?” ಎಂದಳು. “ಮನೇಲಿ ತಕ್ಕಡಿ ಇದ್ದದ್ ಅಡಿಕೆ ತೂಗುಕೆ.”