ಪುರದ ಸಗಣಿಯಿಂದ ಜಲಜನಕದವರೆಗೆ

ಕರ್ನೂಲು ಜಿಲ್ಲೆಯಲ್ಲಿ, ತುಂಗಭದ್ರೆಯ ಬಲದಂಡೆಗೆ ಹತ್ತಿದ ಸೀಮೆಯಲ್ಲಿ ಸಿ. ಬೆಳಗಲ್ ಎಂಬ ಊರಿದೆ. ಹೆಸರು ಕಿವಿಗೆ ಕನ್ನಡವೇ. ಸಂತೆಯ ಮಾತು ತೆಲುಗು. ಮನೆಯೊಳಗಿನ ಮಾತು ಕೆಲವು ಕಡೆ ಇನ್ನೂ ಕನ್ನಡ. ಪಡುವಣದ ಆದವಾನಿ, ಆಲೂರು ತಾಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. 1956ರ ನವೆಂಬರ್ 1ರಂದು ಏನಾಯಿತೆಂದು ಕಾಸರಗೋಡಿನ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಗಡಿಯಲ್ಲಿ ಬೆಳೆದವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಯಾವ ಹೊಸ ಯೋಜನೆ ಬಂದರೂ, ಇದರ ನೋಟೀಸು ಯಾವ ಭಾಷೆಯಲ್ಲಿದೆ, ನಮ್ಮವರನ್ನು ಯಾರಾದರೂ ಒಂದು ಮಾತು ಕೇಳಿದರೇ ಎಂದು ಮೊದಲು ನೋಡುತ್ತೇವೆ.

ಈಗ ಬಂದಿರುವ ಹೊಸ ಮಾತು ಹಸಿರು ಜಲಜನಕ. ತೆಲುಗಿನ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಉದಜನಿ ಎಂಬ ಹೆಸರಿದೆ. ಅರ್ಥ ಒಂದೇ, ನೀರನ್ನು ಹುಟ್ಟಿಸುವುದು. ನೀರಿಗೆ ವಿದ್ಯುತ್ ಹರಿಸಿ ಜಲಜನಕವನ್ನು ಬೇರ್ಪಡಿಸುತ್ತಾರೆ. ಆ ವಿದ್ಯುತ್ತು ಬಿಸಿಲು, ಗಾಳಿಗಳಿಂದ ಬಂದಿದ್ದರೆ ಅದು ಹಸಿರು. ಒಂದು ಕಿಲೋ ಜಲಜನಕಕ್ಕೆ 9 ಲೀಟರು ಶುದ್ಧ ನೀರು, 50 ಯೂನಿಟ್ಟಿಗೂ ಮಿಕ್ಕಿ ವಿದ್ಯುತ್ತು ಬೇಕು. ಸಣ್ಣ ಸಂಸಾರವೊಂದರ ತಿಂಗಳ ಕರೆಂಟು ಅಷ್ಟರಲ್ಲಿ ಮುಗಿಯುತ್ತದೆ.

ಕರ್ನೂಲಿನ ಆಚೆ ಓರ್ವಕಲ್ಲಿನಲ್ಲಿ 2017ರಲ್ಲಿ 1,000 ಮೆಗಾವ್ಯಾಟಿನ ಸೌರ ಉದ್ಯಾನ ಎದ್ದಿತು. ಹಳೆಯ ಕರ್ನೂಲು ಜಿಲ್ಲೆಯದೇ ಆದ ಪಿನ್ನಾಪುರದಲ್ಲಿ ನೀರನ್ನು ಗುಡ್ಡಕ್ಕೆ ಏರಿಸಿ ಇಳಿಸಿ ವಿದ್ಯುತ್ತನ್ನು ಕೂಡಿಡುವ 1,680 ಮೆಗಾವ್ಯಾಟಿನ ಸ್ಥಾವರ ಕಟ್ಟಿದ್ದಾರೆ. ಅಲ್ಲಿ ಕೂಡಿಟ್ಟ ವಿದ್ಯುತ್ತಿನ ಒಂದು ಪಾಲಿನಿಂದ ಕಾಕಿನಾಡದಲ್ಲಿ ಜಲಜನಕ, ಅದರಿಂದ ಅಮೋನಿಯಾ ಮಾಡುವ ಯೋಜನೆಗೆ 2023ರಲ್ಲಿ ಮಲೇಷಿಯಾದ ಜೆಂಟಾರಿ, ಸಿಂಗಪುರದ ಜಿಐಸಿ ಸಂಸ್ಥೆಗಳು ಕೈಜೋಡಿಸಿದವು. ಪೈವಳಿಕೆಯ ಗುಡ್ಡದ ಮೇಲೆ ಸೌರ ಫಲಕಗಳನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ಇಲ್ಲಿ ಅದರ ಅಳತೆ ದೊಡ್ಡದು, ಅಷ್ಟೇ.

ನೀರಿನಿಂದ ಜಲಜನಕ ತೆಗೆಯುವುದೂ ಹೊಸದಲ್ಲ. 1960ರ ದಶಕದಲ್ಲೇ ಪಂಜಾಬಿನ ನಂಗಲ್ ಗೊಬ್ಬರ ಕಾರ್ಖಾನೆ ಭಾಕ್ರಾದ ವಿದ್ಯುತ್ತಿನಿಂದ ಸಟ್ಲೆಜ್ ನೀರನ್ನು ಒಡೆದು ಜಲಜನಕ ಮಾಡುತ್ತಿತ್ತು. ಹಸಿರು ಎಂಬ ವಿಶೇಷಣ ಆಗ ಯಾರ ಬಾಯಲ್ಲೂ ಇರಲಿಲ್ಲ.

ಆದರೆ ನಾನು ಹೇಳಹೊರಟಿರುವುದು ನಂಗಲ್ಲಿನ ಕತೆಯಲ್ಲ, ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯದು. ಅದಕ್ಕೂ ಜಲಜನಕಕ್ಕೂ ನಡುವೆ ಒಬ್ಬ ಮನುಷ್ಯರಿದ್ದಾರೆ: ಅಮೂಲ್ಯ ಕುಮಾರ್ ಎನ್. ರೆಡ್ಡಿ.

1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರೆಡ್ಡಿಯವರು ವಿದ್ಯುದ್ರಸಾಯನ ಶಾಸ್ತ್ರಜ್ಞರು. ಲಂಡನ್ನಿನಲ್ಲಿ ಓದಿ, 1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಬಾಕ್ರಿಸ್ ಎಂಬ ದೊಡ್ಡ ವಿಜ್ಞಾನಿಯ ಜೊತೆ ಕೆಲಸ ಮಾಡಿದರು. ಇಬ್ಬರೂ ಕೂಡಿ ಬರೆದ ವಿದ್ಯುದ್ರಸಾಯನದ ಎರಡು ಸಂಪುಟಗಳು 1970ರಲ್ಲಿ ಹೊರಬಂದವು. ಲೋಕದ ಎಷ್ಟೋ ವಿದ್ಯಾರ್ಥಿಗಳಿಗೆ ಅದೇ ಪಠ್ಯವಾಯಿತು. ಅದೇ 1970ರಲ್ಲಿ ಬಾಕ್ರಿಸ್ ‘ಹೈಡ್ರೋಜನ್ ಎಕಾನಮಿ’ ಎಂಬ ಮಾತನ್ನು ಚಲಾವಣೆಗೆ ತಂದರು. ಇಂದು ದಿಲ್ಲಿಯಿಂದ ಬರ್ಲಿನ್ನಿನವರೆಗೆ ಸರಕಾರಗಳು ಆಡುತ್ತಿರುವ ಮಾತು ಅದೇ. ಗುರುಗಳು ಹಿಡಿದ ದಾರಿಯಲ್ಲೇ ಸಹಲೇಖಕರೂ ನಡೆದಿದ್ದರೆ ರೆಡ್ಡಿಯವರಿಗೆ ಹೊರದೇಶಗಳಲ್ಲಿ ಬೇಕಾದಷ್ಟು ಪ್ರಯೋಗಾಲಯಗಳು ಸಿಗುತ್ತಿದ್ದವು. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದುಕೊಂಡು 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಕೆಲಸ. ಕಟ್ಟಿಗೆ ಉಳಿಸುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ಕನ್ನಡ ನಾಡಿನ ಎಷ್ಟೋ ಅಡುಗೆಮನೆಗಳಲ್ಲಿ ಅದು ಉರಿಯಿತು.

ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅಸ್ತ್ರದ ಹಳ್ಳಿಕೇಂದ್ರ ತೆರೆಯಿತು. ಮೊದಲು ಮಾಡಿದ್ದು ಯಂತ್ರವಲ್ಲ, ಲೆಕ್ಕ. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಶಕ್ತಿ ಎಲ್ಲಿಂದ ಬರುತ್ತದೆ, ಯಾರ ಬೆನ್ನ ಮೇಲೆ ಬರುತ್ತದೆ ಎಂದು ಬರೆದುಕೊಂಡರು. ಬಹುಪಾಲು ಸೌದೆಯಿಂದ, ಅದನ್ನು ಹೊತ್ತು ತರುವವರು ಹೆಂಗಸರು, ಮಕ್ಕಳು. ಲೆಕ್ಕ ಬರೆಯುವುದೇ ಹೊಟ್ಟೆಪಾಡಾದ ನನ್ನಂಥ ಬ್ಯಾಂಕು ಗುಮಾಸ್ತನಿಗೆ ಈ ಭಾಗ ಉಳಿದೆಲ್ಲಕ್ಕಿಂತ ಹಿಡಿಸುತ್ತದೆ.

ಆ ಆರರಲ್ಲಿ ಪುರವೂ ಒಂದು. ಅಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಅಡುಗೆಗೆ ಗ್ಯಾಸು ಕೊಡಲು ಹೊರಟರು. ಯೋಜನೆ ಸೋತಿತು. ಊರಿನ ದನಗಳ ಸಗಣಿ ಎಲ್ಲ ಒಲೆಗಳಿಗೂ ಸಾಲುವಷ್ಟು ಗ್ಯಾಸು ಕೊಡಲಿಲ್ಲ. ಸೋಲನ್ನು ಮುಚ್ಚಿಡದೆ ತಾವೇ ಬರೆದು ಪ್ರಕಟಿಸಿದ್ದು ಆ ವಿಜ್ಞಾನಿಗಳ ದೊಡ್ಡಸ್ತಿಕೆ. ಹಾಗಾದರೆ ನಿಮಗೆ ಬೇಕಾದದ್ದೇನು ಎಂದು ಊರವರನ್ನು ಕೇಳಿದಾಗ ಬಂದ ಉತ್ತರ: ಮೊದಲು ನೀರು. 1987ರಲ್ಲಿ ಅದೇ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಹಾಯಿಸಿ ವಿದ್ಯುತ್ತು ಮಾಡಿದರು. ಕೊಳವೆಬಾವಿಯ ನೀರು ಟ್ಯಾಂಕಿಗೇರಿ ನಲ್ಲಿಗಳಲ್ಲಿ ಬಂತು, ಸಂಜೆ ಮನೆಗಳಲ್ಲಿ ದೀಪ ಹತ್ತಿತು.

ಇದರ ಜೀವ ಇದ್ದದ್ದು ತೂಕದ ತಕ್ಕಡಿಯಲ್ಲಿ. ಮನೆಯವರು ತಂದ ಸಗಣಿಯನ್ನು ತೂಗಿ ಬರೆದುಕೊಳ್ಳುತ್ತಿದ್ದರು. ಗ್ಯಾಸು ಹೋದ ಮೇಲೆ ಉಳಿದ ಬಗ್ಗಡವನ್ನು ಗೊಬ್ಬರಕ್ಕೆಂದು ಕೊಟ್ಟವರಿಗೇ ಹಿಂದಿರುಗಿಸುತ್ತಿದ್ದರು. ಹೊತ್ತು ತಂದ ಕೂಲಿಗೆ ಕಿಲೋಗೆ ಇಷ್ಟು ಪೈಸೆ ಎಂದು ದುಡ್ಡು ಬೇರೆ. ಎಂಜಿನ್ ನಡೆಸಲು ಕಲಿತವರು ಊರಿನ ಹುಡುಗರೇ. ಲೆಕ್ಕ ಊರ ಸಮಿತಿಯದು. ಎಲ್ಲವೂ ಕನ್ನಡದಲ್ಲಿ ನಡೆಯಿತೆಂದು ಹೇಳುವುದೇ ಬೇಡ. ಆದರೆ ಗಡಿಯಲ್ಲಿ ಕೂತವನಿಗೆ ಅದನ್ನೂ ಹೇಳಬೇಕೆನಿಸುತ್ತದೆ.

ಈ ಹಳ್ಳಿಯ ಲೆಕ್ಕ ಲೋಕಕ್ಕೂ ಹೋಯಿತು. ಬ್ರೆಜಿಲಿನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೋಹಾನ್ಸನ್, ಅಮೆರಿಕದ ವಿಲಿಯಮ್ಸ್ ಇವರೊಡನೆ ರೆಡ್ಡಿಯವರು ಬರೆದ ಶಕ್ತಿ ಕುರಿತ ಗ್ರಂಥ 1988ರಲ್ಲಿ ಬಂತು. ಎಷ್ಟು ವಿದ್ಯುತ್ತು ತಯಾರಾಯಿತೆಂಬುದಕ್ಕಿಂತ ಜನರಿಗೆ ಯಾವ ಸೇವೆ ಸಿಕ್ಕಿತೆಂಬುದನ್ನು ಅಳೆಯಬೇಕೆಂಬುದು ಅದರ ವಾದ. 2000ದಲ್ಲಿ ನಾಲ್ವರಿಗೂ ಕೂಡಿ ವೋಲ್ವೊ ಪರಿಸರ ಪ್ರಶಸ್ತಿ ಬಂತು. ರೆಡ್ಡಿಯವರು 2006ರಲ್ಲಿ ತೀರಿಕೊಂಡರು.

ಅಸ್ತ್ರದವರು 1988ರಲ್ಲಿ ಅದೇ ತಾಲೂಕಿನ ಹೊಸಹಳ್ಳಿಯಲ್ಲಿ ಕಟ್ಟಿಗೆಯಿಂದ ಅನಿಲ ಮಾಡುವ ಪುಟ್ಟ ಯಂತ್ರ ಕೂರಿಸಿದರು. ಅದರಿಂದ ದೀಪ, ನೀರು, ಹಿಟ್ಟಿನ ಗಿರಣಿ ನಡೆದವು. ಅದರ ದೊಡ್ಡ ರೂಪವನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ, ಕೆನಡಾದ ನೆರವಿನ ನಿಧಿ, ಕರ್ನಾಟಕ ಸರಕಾರ ಕೂಡಿ ಕೊರಟಗೆರೆ ತಾಲೂಕಿನ ಕಬ್ಬಿಗೆರೆಯಲ್ಲಿ ಮಾಡಿ ನೋಡಿದವು. ಯಂತ್ರ ಓಡಿತು, ಖಾತೆ ಸರಿಹೋಗಲಿಲ್ಲ. ಕಟ್ಟಿಗೆ ಹೊಂದಿಸುವ ಖರ್ಚು ಏರುತ್ತಿತ್ತು, ಗ್ರಿಡ್ಡಿಗೆ ಮಾರಿದ ಯೂನಿಟ್ಟಿನ ಬೆಲೆ ಅದಕ್ಕೆ ಸಾಟಿಯಾಗಲಿಲ್ಲ. ಹೊರಗಿನ ದುಡ್ಡು ನಿಂತ ಮೇಲೂ ನಡೆಯುವುದೇ ಎಂಬ ಪ್ರಶ್ನೆ ಆಗಲೇ ಕೇಳಿಬಂತು. ಕಾಕಿನಾಡಕ್ಕೂ ಕೇಳಬೇಕಾದದ್ದು ಅದೇ.

ನೀರಿನ ಭಯವನ್ನು ಜನ ಹೆಚ್ಚಾಗಿ ಆಡುತ್ತಾರೆ. 2023ರ ಜನವರಿಯಲ್ಲಿ ಕೇಂದ್ರ ಸರಕಾರ ಒಪ್ಪಿದ ರಾಷ್ಟ್ರೀಯ ಯೋಜನೆಯ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕ. ಕಿಲೋಗೆ 9 ಲೀಟರಿನಂತೆ ಗುಣಿಸಿದರೆ ದೇಶಕ್ಕೆಲ್ಲ ಸುಮಾರು 1.6 ಟಿಎಂಸಿ. ತಂಪು ಮಾಡಲು, ಶುದ್ಧಿ ಮಾಡಲು ಹೋಗುವ ನೀರು ಸೇರಿಸಿ ಮೂರು ಪಟ್ಟೇ ಎನ್ನಿ. ನೂರು ಟಿಎಂಸಿ ಹಿಡಿಯುವ ತುಂಗಭದ್ರಾ ಜಲಾಶಯದ ಎದುರು ದೊಡ್ಡದಲ್ಲ. 2024ರ ಆಗಸ್ಟಿನಲ್ಲಿ ಆ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕೆಲವೇ ದಿನಗಳಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ನೀರು ನಮ್ಮ ಕಣ್ಣೆದುರೇ ಹರಿದುಹೋಯಿತು. ಚಿಂತೆ ಒಟ್ಟು ನೀರಿನದಲ್ಲ, ಯಾವ ಊರ ಬಾವಿಯದು, ಯಾವ ಬೇಸಗೆಯದು ಎಂಬುದು.

ಅಸ್ತ್ರ ಹುಟ್ಟಿದ ಅದೇ ಸಂಸ್ಥೆಯಲ್ಲಿ ಪ್ರೊ. ದಾಸಪ್ಪನವರ ತಂಡ 2022ರಲ್ಲಿ ಒಂದು ಫಲಿತಾಂಶ ಪ್ರಕಟಿಸಿತು. ಒಂದು ಕಿಲೋ ಸಸ್ಯತ್ಯಾಜ್ಯವನ್ನು ಆಮ್ಲಜನಕ, ನೀರಾವಿಗಳ ಜೊತೆ ಬಿಸಿಮಾಡಿ ಅವರು 100 ಗ್ರಾಂ ಜಲಜನಕ ತೆಗೆಯುತ್ತಾರೆ. ಸಸ್ಯದಲ್ಲಿರುವುದು 60 ಗ್ರಾಂ ಮಾತ್ರ. ಉಳಿದದ್ದು ಆವಿಯಿಂದ ಬರುತ್ತದೆ. ಹೊಸಹಳ್ಳಿಯ ಯಂತ್ರದ ಮೊಮ್ಮಗನೆಂದು ಇದನ್ನು ಕರೆಯಬಹುದು.

ಆದವಾನಿ ಹತ್ತಿಯ ಸೀಮೆ. ಬಿಡಿಸಿದ ಮೇಲೆ ಉಳಿದ ಹತ್ತಿಕಟ್ಟಿಗೆ ಒಲೆಗೆ ಹೋಗುತ್ತದೆ, ಇಲ್ಲವೇ ಹೊಲದಲ್ಲೇ ಸುಟ್ಟುಹೋಗುತ್ತದೆ. ಬೆಳೆಸಾಲ ನವೀಕರಿಸಲು ಬಂದಿದ್ದ ಹಿರಿಯರೊಬ್ಬರಿಗೆ ಕೌಂಟರಿನ ಈಚೆಯಿಂದ ಈ ಸುದ್ದಿ ಹೇಳಿದೆ. ಅವರು ಪಾಸ್ ಪುಸ್ತಕ ಮಡಿಚಿ ಜೇಬಿಗಿಟ್ಟುಕೊಂಡು ಕೇಳಿದರು:

“ಕಟ್ಟಿಗಿ ಹೇರಿಕೊಂಡು ಬಂದ್ರ ಕಿಲೋಕ್ಕ ಎಷ್ಟು ಕೊಡ್ತಾರ್ರೀ ಸಾರು?”