ಗೋಡೆ ಮೇಲೆ ಒಂದು ಗೆರೆ

ಗೋಕಾಕ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ಫಾಲ್ಸ್, ತೂಗುಸೇತುವೆ, ಕರದಂಟು. ವೀಕೆಂಡಿಗೆ ಬಂದವರು ಫೋಟೋ ತಗೊಂಡು, ಒಂದು ಕಿಲೋ ಕರದಂಟು ಕಟ್ಟಿಸಿಕೊಂಡು ವಾಪಸ್ ಹೋಗ್ತಾರೆ. ಅಲ್ಲಿಂದ ಐದಾರು ಕಿಲೋಮೀಟರ್ ದೂರದ ಹಳೇ ಊರಿನ ಓಣಿಗಳಿಗೆ ಕಾಲಿಡುವವರು ಕಡಿಮೆ. ನಾನು ಆ ಓಣಿಗಳನ್ನು ಸುತ್ತಿದ್ದೇನೆ. ಫಾಲ್ಸ್‌ನಷ್ಟೇ ಕಥೆ ಅಲ್ಲೂ ಇದೆ.

ಓಣಿಗಳ ಹೆಸರನ್ನೇ ಓದಿ: ಕುಂಬಾರ ಓಣಿ, ಉಪ್ಪಾರ ಓಣಿ. ಯಾರು ಯಾವ ಕಸುಬು ಮಾಡಿಕೊಂಡು ಇಲ್ಲಿ ಬದುಕಿದರು ಅನ್ನೋದಕ್ಕೆ ಬೇರೆ ಶಾಸನ ಬೇಕಿಲ್ಲ. 18ನೇ ಶತಮಾನದಲ್ಲಿ ಊರು ಕೆಲಕಾಲ ಸವಣೂರು ನವಾಬರ ಕೈಯಲ್ಲಿತ್ತು. ಇದು ಒಂದು ಕಾಲಕ್ಕೆ ನೇಯ್ಗೆ ಮತ್ತು ಬಣ್ಣಗಾರಿಕೆಯ ದೊಡ್ಡ ಊರಾಗಿತ್ತು ಎಂದು ಬ್ರಿಟಿಷರ ಕಾಲದ ಗೆಜೆಟಿಯರುಗಳು ಹೇಳುತ್ತವೆ. ಆ ಕಸುಬು ಸೊರಗಿತು. ಹಗುರ ಕಟ್ಟಿಗೆಯಲ್ಲಿ ಗೊಂಬೆ, ಹಣ್ಣು, ತರಕಾರಿ ಕೆತ್ತಿ ಬಣ್ಣ ಹಚ್ಚುವ ಕೈಗಳು ಮಾತ್ರ ಉಳಿದವು. ಆಮೇಲೆ 1885ರಲ್ಲಿ ಫಾಲ್ಸ್ ಹತ್ತಿರ ಗೋಕಾಕ ಮಿಲ್ ಶುರುವಾಯ್ತು. ಧುಮುಕುವ ನೀರಿನ ಬಲವೇ ಅದರ ಯಂತ್ರಗಳನ್ನು ಓಡಿಸಿತು.

ಹೊಳೆ ಕೊಟ್ಟಿದ್ದು ಹೀಗೆ. ಕಿತ್ತುಕೊಂಡದ್ದೂ ಉಂಟು.

ಘಟಪ್ರಭಾ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ದಾಟಿ, ಗೋಕಾಕದಲ್ಲಿ ಧುಮುಕಿ, ಮುಂದೆ ಮೂಡಲಗಿ ಕಡೆಯ ಹಳ್ಳಿಗಳತ್ತ ಹರಿಯುತ್ತದೆ. ಗೋಕಾಕದ ಬಳಿ ಮಾರ್ಕಂಡೇಯ ನದಿಯೂ ಬಂದು ಸೇರುತ್ತದೆ. 2019ರ ಆಗಸ್ಟಿನಲ್ಲಿ ಎರಡೂ ಒಟ್ಟಿಗೆ ಉಕ್ಕಿದವು. ಲೋಳಸೂರ ಸೇತುವೆ ಮುಳುಗಿತು, ಹಳೇ ಊರಿನ ತಗ್ಗಿನ ಓಣಿಗಳು ಹೊಳೆಯಾದವು. ಮಣ್ಣಿನ ಗೋಡೆಗಳು ನೀರಲ್ಲಿ ನೆನೆದು ಕುಸಿದವು. ಇವತ್ತಿಗೂ ಅಲ್ಲಿ "ನೀರು ಎಲ್ಲೀತನಕ ಬಂದಿತ್ತು?" ಅಂತ ಕೇಳಿದರೆ ಜನ ಬಾಯಲ್ಲಿ ಉತ್ತರ ಹೇಳಲ್ಲ, ಕೈ ಎತ್ತಿ ತೋರಿಸ್ತಾರೆ: "ಇಲ್ಲೀತನಕ ನೋಡ್ರಿ."

ಜರ್ಮನಿಯ ಪಸ್ಸಾವು ಊರಿನದೂ ಇಂಥದ್ದೇ ಪಾಡು. ಅಲ್ಲಿ ಡ್ಯಾನ್ಯೂಬ್, ಇನ್, ಇಲ್ಜ್ ಮೂರು ನದಿ ಕೂಡುತ್ತವೆ. 2013ರಲ್ಲಿ ಅಲ್ಲಿ ನೀರು 12.89 ಮೀಟರ್‌ಗೆ ಏರಿತ್ತು. 1501ರ ನಂತರ ಅಷ್ಟು ದೊಡ್ಡ ನೆರೆ ಬಂದಿರಲಿಲ್ಲ. ಐನೂರು ವರ್ಷದ ಹಿಂದಿನ ಲೆಕ್ಕ ಅವರಿಗೆ ಹೇಗೆ ಗೊತ್ತು? ಹಳೇ ಪೇಟೆಯ ಪುರಭವನದ ಗೋಡೆ ಮೇಲೆ ಪ್ರತಿ ದೊಡ್ಡ ನೆರೆಗೂ ಒಂದು ಗೆರೆ, ಪಕ್ಕದಲ್ಲಿ ಇಸವಿ. ಪ್ರವಾಸಿಗರಿಗೆ ಅದು ಫೋಟೋ ಪಾಯಿಂಟು. ಮನೆ ಕಟ್ಟುವವನಿಗೆ ಅದು ಎಚ್ಚರಿಕೆ.

ನಮ್ಮ ಹಳೇ ಓಣಿಗಳಲ್ಲಿ ಮಣ್ಣಿನ ಮನೆ ಬಿದ್ದ ಜಾಗದಲ್ಲಿ ಕಾಂಕ್ರೀಟ್ ಏಳುತ್ತಿದೆ. ಏಳಲಿ, ಜನ ಗಟ್ಟಿ ಸೂರಿನಡಿ ಬದುಕಬೇಕು. ಆದರೆ ಹೊಸ ಸುಣ್ಣದ ಕೆಳಗೆ ನೀರಿನ ಕಲೆ ಮುಚ್ಚಿಹೋಗುತ್ತದೆ, ಕೈ ಎತ್ತಿ ತೋರಿಸುವ ಹಿರಿಯರೂ ಒಂದು ದಿನ ಇರುವುದಿಲ್ಲ. ಆಗ ಅದೇ ತಗ್ಗಿನ ಸೈಟನ್ನು ಯಾರೋ "ರಿವರ್ ವ್ಯೂ" ಅಂತ ಮಾರ್ತಾರೆ. ಬೆಂಗಳೂರಲ್ಲಿ, ಪುಣೆಯಲ್ಲಿ ಕೂತ ನಮ್ಮಂಥವರೇ ಕೊಳ್ತೀವಿ.

ಇತಿಹಾಸ ಉಳಿಸೋದಕ್ಕೆ ಯಾವಾಗಲೂ ಮ್ಯೂಸಿಯಂ ಬೇಕಿಲ್ಲ. ಓಣಿಗೊಂದು ಗೋಡೆ, ಒಂದು ಡಬ್ಬಿ ಬಣ್ಣ, ನಾಲ್ಕು ಅಂಕಿ ಸಾಕು. ಈ ಸಲ ಊರಿಗೆ ಹೋದಾಗ ಮನೆಯ ಹಿರಿಯರನ್ನು ಕೇಳಿ, ಅವರ ಕೈ ಎಲ್ಲಿ ನಿಲ್ಲುತ್ತದೋ ಅಲ್ಲೊಂದು ಗೆರೆ ಎಳೆದು 2019 ಅಂತ ಬರೆಯಿರಿ.